ಸುಮ್ಮನಿರುವ ಹಾವೆಲ್ಲ ಸಾಧುವಲ್ಲ: ಸಾಕುಹಾವನ್ನು ಕೈಗೆತ್ತಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಹಾವು ಒಂದು ಬಾಲ್ ಪೈಥಾನ್. ಗಿಡ್ಡ ಜಾತಿಯ ಹೆಬ್ಬಾವು ಅದು. ಕೈಗೆ ತೆಗೆದುಕೊಂಡರೆ ಮುದ್ದೆಯಾಗಿ ಕೂತುಬಿಡುತ್ತಿತ್ತು, ಅಲ್ಲಾಡುತ್ತಲೇ ಇರಲಿಲ್ಲ. ‘ನೋಡಿ, ಎಷ್ಟು ಸಾಧು’ ಎಂದು ಮನೆಗೆ ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ. ಒಂದು ದಿನ ಅದು ಊಟ ಬಿಟ್ಟಿತು. ಮುಂದಿನ ವಾರವೂ ಮುಟ್ಟಲಿಲ್ಲ. ಗೂಡಿನ ಬಿಸಿ, ನೀರು, ಅಡಗುವ ಜಾಗ ಎಲ್ಲ ಸರಿಯಾಗಿಯೇ ಇತ್ತು. ಹಾವು ಸಾಕಿ ಪಳಗಿದ ಒಬ್ಬರು ಬಂದು ನೋಡಿ ಎರಡೇ ಮಾತಿನಲ್ಲಿ ಮುಗಿಸಿದರು: ‘ಇದು ಸಾಧುವಲ್ಲ. ಹೆದರಿದೆ.’

ಮೂರು ವಾರ ಅದನ್ನು ಮುಟ್ಟದೆ ಬಿಟ್ಟೆ. ನಾಲ್ಕನೇ ವಾರ ತಿಂದಿತು.

ನಾಯಿ, ಬೆಕ್ಕುಗಳ ನಡುವೆ ಬೆಳೆದವರಿಗೆ ಹಾವಿನ ಮನಸ್ಸು ತಿಳಿಯುವುದು ಕಷ್ಟವೇ. ನಿಮಿರಿಸಲು ಅದಕ್ಕೆ ಹೊರಗಿವಿ ಇಲ್ಲ, ಮುಚ್ಚಲು ಕಣ್ಣಿಗೆ ರೆಪ್ಪೆ ಇಲ್ಲ, ಮುಖದಲ್ಲಿ ಸಿಟ್ಟು ಸೆಡವು ಯಾವುದೂ ಕಾಣುವುದಿಲ್ಲ. ಏನಿದ್ದರೂ ಕುತ್ತಿಗೆ, ನಾಲಿಗೆ, ಉಸಿರು, ಮೈಯ ಬಿಗಿತ ಇಷ್ಟರಲ್ಲೇ ಅದು ಹೇಳಬೇಕು, ನಾವು ಅಷ್ಟರಲ್ಲೇ ತಿಳಿದುಕೊಳ್ಳಬೇಕು. ಎತ್ತುವ ವಿಧಾನವನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಈ ಓದು ಮಾತ್ರ ನಿಧಾನಕ್ಕೆ ಬರುತ್ತದೆ.

ಶುರು ಮಾಡುವ ಮುಂಚೆ ಒಂದು ಗೆರೆ ಎಳೆದುಬಿಡೋಣ. ಇಲ್ಲಿ ಹೇಳುವುದೆಲ್ಲ ಸಾಕಣೆಯಲ್ಲೇ ಹುಟ್ಟಿ ಬೆಳೆದ, ಮನುಷ್ಯನಿಗೆ ಅಪಾಯಕಾರಿ ವಿಷ ಇಲ್ಲದ ಹಾವುಗಳ ಬಗ್ಗೆ: ಬಾಲ್ ಪೈಥಾನ್, ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್ (ಕಾಳಿಂಗ ಸರ್ಪ ಅಲ್ಲ), ಮಿಲ್ಕ್ ಸ್ನೇಕ್, ಹಾಗ್‌ನೋಸ್, ಬೋವಾ ಇಂಥವು. ಕಾಡಿನಲ್ಲಿ, ತೋಟದಲ್ಲಿ ಕಂಡ ಹಾವಿಗೆ ಇದರಲ್ಲಿ ಒಂದಕ್ಷರವೂ ಅನ್ವಯಿಸುವುದಿಲ್ಲ. ಅದನ್ನು ಮುಟ್ಟಲೇಬೇಡಿ. ಹಾವು ಸಾಕುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ತರುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ, ತಂದಮೇಲೆ ಅಲ್ಲ.

ಹಾವಿನ ಮಟ್ಟಿಗೆ ನಿಮ್ಮ ಕೈ ಏನು?

ಗೂಡಿನೊಳಗೆ ಬಂದ ಕೈ ಹಾವಿನ ಮಟ್ಟಿಗೆ ಮೂರರಲ್ಲಿ ಒಂದು. ಶತ್ರು, ಊಟ, ಇಲ್ಲವೇ ಕೊಂಬೆ. ನಾವು ಕೊಂಬೆಯಾಗಬೇಕು. ಉಳಿದ ಎರಡು ಆಗಬಾರದು. ಇಷ್ಟೇ ಕೆಲಸ.

ಶತ್ರು ಆಗುವುದು ಬಹಳ ಸುಲಭ. ಮೇಲಿನಿಂದ ಧಡಕ್ಕನೆ ಇಳಿಯುವ ಯಾವುದೇ ವಸ್ತು ಹಾವಿಗೆ ಹದ್ದು, ಗೂಬೆ ಇದ್ದಹಾಗೆ. ಅದರಲ್ಲೂ ಮರಿಗಳಿಗೆ ಈ ಭಯ ಜಾಸ್ತಿ, ಯಾಕೆಂದರೆ ಪೆನ್ಸಿಲ್ ಗಾತ್ರದ ಹಾವನ್ನು ತಿನ್ನದ ಪ್ರಾಣಿ ಯಾವುದಿದೆ ಹೇಳಿ? ಮರಿ ಹಾವು ಬಾಯಿ ತೆರೆದು ಎಗರಿದರೆ ಅದಕ್ಕೆ ಕೆಟ್ಟ ಬುದ್ಧಿ ಅಂದುಕೊಳ್ಳಬೇಡಿ. ದೊಡ್ಡದಾಗುತ್ತಾ ಹೆಚ್ಚಿನವು ತಣ್ಣಗಾಗುತ್ತವೆ.

ಊಟ ಆಗುವುದೂ ಅಷ್ಟೇ ಸುಲಭ. ಹಾವು ಸೀಳು ನಾಲಿಗೆಯಿಂದ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಹೆಕ್ಕಿ, ಅಂಗುಳಿನ ಮೇಲಿರುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸುತ್ತದೆ. ನಾಲಿಗೆಯ ತುದಿ ಎರಡಾಗಿರುವುದರಿಂದ ವಾಸನೆ ಎಡಕ್ಕೆ ಜಾಸ್ತಿಯೋ ಬಲಕ್ಕೆ ಜಾಸ್ತಿಯೋ ಎಂದೂ ಅದಕ್ಕೆ ತಿಳಿಯುತ್ತದೆ. ಇಲಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಗೂಡಿಗೆ ಹಾಕಿದರೆ ಆ ಕೈಯೇ ಇಲಿ. ಹೆಬ್ಬಾವುಗಳದ್ದು ಇನ್ನೊಂದು ಹೆಜ್ಜೆ ಮುಂದೆ. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವೆ, ಗಮನಿಸಿದ್ದೀರಾ? ಅವು ಬಿಸಿಯನ್ನು ಗುರುತಿಸುವ ಗುಳಿಗಳು. ಕತ್ತಲಲ್ಲಿ ಬೆಚ್ಚಗಿನ ಕೈ ಬಂದರೆ, ಅದು ಬೆಚ್ಚಗಿನ ಇಲಿಗಿಂತ ಬೇರೆಯಾಗಿ ಕಾಣುವುದಿಲ್ಲ. ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್‌ಗಳಿಗೆ ಈ ಗುಳಿಗಳಿಲ್ಲ. ಅವು ವಾಸನೆ ಮತ್ತು ಅಲುಗಾಟವನ್ನೇ ನಂಬುತ್ತವೆ.

ಇನ್ನು ಸದ್ದು. ಹೊರಗಿವಿ ಇಲ್ಲದಿದ್ದರೂ ಹಾವು ಪೂರ್ತಿ ಕಿವುಡಲ್ಲ. ನೆಲದ ಅದುರು ಕೆಳದವಡೆಯ ಮೂಲಕ ಒಳಗಿವಿಗೆ ಹೋಗುತ್ತದೆ, ಗಾಳಿಯಲ್ಲಿ ಬರುವ ತಗ್ಗು ದನಿಯೂ ಸ್ವಲ್ಪ ಕೇಳುತ್ತದೆ. ಹೆಸರಿಟ್ಟು ಮುದ್ದಾಗಿ ಕರೆದರೆ ಪ್ರಯೋಜನ ಇಲ್ಲ ಬಿಡಿ. ಆದರೆ ಗೂಡಿನ ಮುಚ್ಚಳವನ್ನು ದಡಬಡ ಎಳೆದರೆ ಅದಕ್ಕೆ ಖಂಡಿತ ತಿಳಿಯುತ್ತದೆ.

ಮುಟ್ಟಬಾರದ ದಿನಗಳು

ಹೊಸ ಹಾವು ತಂದಿದ್ದರೆ ಕೈ ತುರಿಸುತ್ತಿರುತ್ತದೆ, ಗೊತ್ತು. ಆದರೂ ಒಂದರಿಂದ ಎರಡು ವಾರ ಬಿಡಿ. ನೀರು ಬದಲಿಸುವುದು, ಕೊಳೆ ತೆಗೆಯುವುದು ಬಿಟ್ಟರೆ ಬೇರೇನೂ ಬೇಡ. ದಿನದ ಲೆಕ್ಕಕ್ಕಿಂತ ಊಟದ ಲೆಕ್ಕ ನಂಬಿಕೆಗೆ ಯೋಗ್ಯ: ಹೊಸ ಗೂಡಿನಲ್ಲಿ ಎರಡು ಮೂರು ಸಲ ತಕರಾರಿಲ್ಲದೆ ತಿಂದರೆ ಅದು ನೆಲೆಗೊಂಡಿದೆ ಎಂದು ತಿಳಿಯಿರಿ.

ಊಟವಾದ ಮೇಲೆ ಕನಿಷ್ಠ 48 ಗಂಟೆ ಮುಟ್ಟಬೇಡಿ. ಇಲಿ ದೊಡ್ಡದಿದ್ದು ಹೊಟ್ಟೆಯಲ್ಲಿ ಉಬ್ಬು ಇನ್ನೂ ಕಾಣುತ್ತಿದ್ದರೆ ಅದು ಇಳಿಯುವವರೆಗೆ ಕಾಯಿರಿ. ಈಗ ಎತ್ತಿದರೆ ಹಾವು ತಿಂದದ್ದನ್ನು ಕಕ್ಕಬಹುದು. ಕಕ್ಕುವುದು ಅದಕ್ಕೆ ಸಣ್ಣ ವಿಷಯವಲ್ಲ. ಗಂಟಲು ಸುಡುತ್ತದೆ, ಮೈಯ ನೀರು ಹೋಗುತ್ತದೆ. ಹಾಗಾದರೆ ಹತ್ತು ಹದಿನಾಲ್ಕು ದಿನ ಊಟವನ್ನೂ ಕೊಡದೆ ಸುಮ್ಮನೆ ಬಿಡಬೇಕು. ಆಮೇಲೆ ಮೊದಲಿಗಿಂತ ಚಿಕ್ಕ ಇಲಿಯಿಂದ ಶುರು ಮಾಡಬೇಕು. ಮತ್ತೆ ಕಕ್ಕಿದರೆ ಪಶುವೈದ್ಯರ ಹತ್ತಿರ ಹೋಗಿ.

ಪೊರೆ ಬಿಡುವ ಸಮಯ ಕಣ್ಣಲ್ಲೇ ಗೊತ್ತಾಗುತ್ತದೆ. ಕಣ್ಣಿನ ಮೇಲಿನ ಪಾರದರ್ಶಕ ಹುರುಪೆ ನೀಲಿ ಬೆರೆಸಿದ ಹಾಲಿನಂತೆ ಮಂಕಾಗುತ್ತದೆ. ಹಾವಿಗೆ ಆಗ ಸರಿಯಾಗಿ ಕಾಣುವುದಿಲ್ಲ, ಮೈ ಚರ್ಮವೂ ನಾಜೂಕಾಗಿರುತ್ತದೆ. ಸದಾ ತಣ್ಣಗಿದ್ದ ಹಾವು ಆ ವಾರ ಬುಸ್ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಒಂದು ಮೋಸ ಇಲ್ಲಿದೆ: ಕೆಲವು ದಿನದಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ, ‘ಆಯ್ತು’ ಅಂದುಕೊಳ್ಳುತ್ತೇವೆ. ಪೊರೆ ಬಿಡುವುದು ಅದಾದ ಮೂರು ದಿನದಿಂದ ಒಂದು ವಾರದೊಳಗೆ. ಪೊರೆ ಕೈಗೆ ಸಿಕ್ಕಮೇಲೆ ಹಾವನ್ನು ತೆಗೆಯಿರಿ.

ಮೊಟ್ಟೆ ಅಥವಾ ಮರಿ ಹೊತ್ತ ಹೆಣ್ಣು, ಕಾಯಿಲೆ ಬಿದ್ದ ಹಾವು: ಚಿಕಿತ್ಸೆಗೆ ಬೇಕಾದರೆ ಮಾತ್ರ.

ಗೂಡಿನಿಂದ ತೆಗೆಯುವುದು, ಹೆಜ್ಜೆ ಹೆಜ್ಜೆಯಾಗಿ

1. ಸೋಪು ಹಚ್ಚಿ ಕೈ ತೊಳೆಯಿರಿ. ಘಮಘಮ ಸೆಂಟು ಬೇಡ. ಉಂಗುರ, ವಾಚು, ಬಳೆ ತೆಗೆದಿಡಿ. ಹುರುಪೆಯ ಅಂಚು ಸಿಕ್ಕಿಕೊಳ್ಳುತ್ತದೆ.

2. ಕೋಣೆಯ ಬಾಗಿಲು ಹಾಕಿ. ಫ್ಯಾನ್ ನಿಲ್ಲಿಸಿ. ನಾಯಿ, ಬೆಕ್ಕು ಹೊರಗಿರಲಿ. ಸೋಫಾ ಕೆಳಗಿನ ಸಂದಿಯನ್ನು ಈಗಲೇ ಮುಚ್ಚಿ. ಆಮೇಲೆ ಟಾರ್ಚ್ ಹಿಡಿದು ಬೋರಲು ಮಲಗಿ ಹುಡುಕಿದ ಅನುಭವ ನನಗಿದೆ, ನಿಮಗೆ ಬೇಡ.

3. ಮುಚ್ಚಳ ತೆರೆದು ಎರಡು ಕ್ಷಣ ನೋಡಿ. ಹಾವು ಎಲ್ಲಿದೆ? ತಲೆ ಯಾವ ಕಡೆ ಇದೆ? ಕುತ್ತಿಗೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಿಚಿ, ಮೂತಿ ನಿಮ್ಮತ್ತ ನೆಟ್ಟು ನಿಂತಿದೆಯೇ? ನಿಮ್ಮ ಪ್ರತಿ ಚಲನೆಯನ್ನೂ ತಲೆ ಹಿಂಬಾಲಿಸುತ್ತಿದೆಯೇ? ಹಾಗಿದ್ದರೆ ಅದು ಊಟಕ್ಕೆ ಕಾದಿದೆ ಅಥವಾ ಎಗರಲು ಸಿದ್ಧವಾಗಿದೆ. ಎರಡರಲ್ಲಿ ಯಾವುದಾದರೂ ಈಗ ಕೈ ಹಾಕುವುದು ಬೇಡ.

4. ಕೊಕ್ಕೆಯಿಂದಲೋ ಸುರುಳಿ ಸುತ್ತಿದ ಕಾಗದದಿಂದಲೋ ಮೈ ನಡುಭಾಗವನ್ನು ಮೆಲ್ಲಗೆ ತಟ್ಟಿ ಸವರಿ. ಪ್ರತಿ ಸಲವೂ ಮಾಡಿ. ಊಟ ಕೊಡುವ ದಿನ ಮಾತ್ರ ಮಾಡಬೇಡಿ. ‘ತಟ್ಟಿದರೆ ಊಟವಿಲ್ಲ, ಎತ್ತುತ್ತಾರೆ’ ಎಂಬುದು ಕೆಲವು ವಾರಗಳಲ್ಲಿ ಅದರ ತಲೆಗೆ ಹೋಗುತ್ತದೆ. ಹಾವಿಗೆ ಕಲಿಯಲು ಬರುತ್ತದೆಯಾ ಎಂದು ಅನುಮಾನಿಸುವವರಿಗೆ ಒಂದು ಮಾತು. 1999ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾರ್ನ್ ಸ್ನೇಕ್ ಮರಿಗಳು ತೆರೆದ ಅಂಗಳದಂಥ ಜಾಗದಲ್ಲಿ ತಪ್ಪಿಸಿಕೊಳ್ಳುವ ರಂಧ್ರ ಎಲ್ಲಿದೆ ಎಂಬುದನ್ನು ಕೆಲವೇ ದಿನಗಳಲ್ಲಿ ಕಲಿತುಕೊಂಡವು. ಸೂಚನೆ ಪ್ರತಿ ಸಲ ಒಂದೇ ಇರಬೇಕು, ಅಷ್ಟೇ.

5. ಕೈಯನ್ನು ಪಕ್ಕದಿಂದ, ಕೆಳಮಟ್ಟದಲ್ಲಿ ತನ್ನಿ. ನಿಧಾನವಾಗಿ ಬನ್ನಿ, ಆದರೆ ಅನುಮಾನಿಸಬೇಡಿ. ಹೊಸಬರು ಕೈ ಮುಂದೆ ಚಾಚುತ್ತಾರೆ, ಹಾವು ಅಲುಗಿದ ಕೂಡಲೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಮತ್ತೆ ಚಾಚುತ್ತಾರೆ. ಹೀಗೆ ಮುಂದೆ ಹಿಂದೆ ಆಡುವ ಕೈ ಒದ್ದಾಡುವ ಇಲಿಯ ಹಾಗೆ ಇರುತ್ತದೆ. ಸುಮಾರು ಕಡಿತಗಳು ಹೀಗೇ ಆಗುತ್ತವೆ.

6. ಒಂದು ಕೈಯನ್ನು ಮೈಯ ಮುಂದಿನ ಮೂರನೇ ಒಂದು ಭಾಗದ ಅಡಿಗೆ, ಇನ್ನೊಂದನ್ನು ಹಿಂದಿನ ಭಾಗದ ಅಡಿಗೆ ಕೊಟ್ಟು ಒಟ್ಟಿಗೆ ಎತ್ತಿ. ಹಿಡಿಯಬೇಡಿ, ಹೊರಿ. ತಲೆ ಹಿಡಿದರೆ ಅದಕ್ಕೆ ಸಾವು ಬಂದಂತೆ. ಬಾಲ ಹಿಡಿದು ಎತ್ತಿದರೆ ಬೆನ್ನುಮೂಳೆಗೆ ಪೆಟ್ಟು. ಗೂಡಿನೊಳಗಿನ ಕೊಂಬೆಗೆ ಸುತ್ತಿಕೊಂಡಿದ್ದರೆ ಎಳೆಯಬೇಡಿ. ಅದು ತಾನೇ ಬಿಡಲಿ, ಅಥವಾ ಬಾಲದ ಕಡೆಯಿಂದ ಒಂದೊಂದೇ ಸುತ್ತು ಬಿಡಿಸಿ.

ಎತ್ತಿದ ಮೇಲೆ ನೆಲದ ಮೇಲೋ ಮಂಚದ ಮೇಲೋ ಕೂತುಕೊಳ್ಳಿ. ನಿಂತು ಆಡಿಸುವಾಗ ಹಾವು ಜಾರಿದರೆ ಬೀಳುವುದು ಐದಡಿ ಎತ್ತರದಿಂದ.

ಕೈಯಲ್ಲಿರುವಾಗ ಮೈ ಏನು ಹೇಳುತ್ತದೆ

ನೆಮ್ಮದಿಯಾಗಿರುವ ಹಾವು ಚಲಿಸುತ್ತಿರುತ್ತದೆ. ತಲೆ ಸ್ವಲ್ಪ ಎತ್ತಿ, ನಾಲಿಗೆಯನ್ನು ಆಗಾಗ ನಿಧಾನವಾಗಿ ಚಾಚಿ, ಬೆರಳ ಸಂದಿಯಿಂದ ಬೆರಳ ಸಂದಿಗೆ ಹರಿಯುತ್ತದೆ. ಮೈ ಸಡಿಲ, ಆದರೆ ಬಿದ್ದುಹೋದ ಹಗ್ಗದಷ್ಟು ಸಡಿಲವಲ್ಲ. ಬೀಳದಂತೆ ಎಷ್ಟು ಬೇಕೋ ಅಷ್ಟೇ ನಿಮ್ಮ ಮಣಿಕಟ್ಟನ್ನು ಸುತ್ತಿರುತ್ತದೆ. ಉಸಿರು ಸಮವಾಗಿ, ಸದ್ದಿಲ್ಲದೆ ಇರುತ್ತದೆ. ಮುಂದೆ ಹೋದಂತೆ ಒಂದು ಕೈಯ ಮುಂದೆ ಇನ್ನೊಂದು ಕೈ ಇಡುತ್ತಾ ಹೋಗಿ. ಹಾವು ಹತ್ತಿದ ಕೊಂಬೆಯ ಮುಂದೆ ಇನ್ನೊಂದು ಕೊಂಬೆ ಸಿಗುತ್ತಿರಬೇಕು.

ಬಿಗಿಯಾಗಿ ಸುತ್ತಿಕೊಂಡರೆ? ಹೊಸಬರು ಇದನ್ನು ‘ಹಿಸುಕುತ್ತಿದೆ’ ಎಂದು ಹೆದರುತ್ತಾರೆ. ಬಹುತೇಕ ಅದು ಬೀಳುವ ಭಯ. ಅಡಿಯಲ್ಲಿ ಇನ್ನೊಂದು ಕೈ ಕೊಟ್ಟು ನೋಡಿ, ಕೂಡಲೇ ಸಡಿಲವಾಗುತ್ತದೆ. ಬೇಟೆಯನ್ನು ಹಿಸುಕುವುದು ಬೇರೆಯೇ ಕೆಲಸ: ಮೊದಲು ಬಾಯಲ್ಲಿ ಹಿಡಿಯುತ್ತದೆ, ಆಮೇಲೆ ಕ್ಷಣದಲ್ಲಿ ಸುತ್ತುತ್ತದೆ. ಅದರಲ್ಲೂ ಎಷ್ಟು ಲೆಕ್ಕಾಚಾರ ನೋಡಿ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸತ್ತ ಇಲಿಯೊಳಗೆ ಕೃತಕ ಹೃದಯ ಇಟ್ಟು ಬೋವಾಗಳಿಗೆ ಕೊಟ್ಟರು. ಬಡಿತ ಇರುವವರೆಗೆ ಅವು ಬಿಗಿ ಹಿಡಿದವು, ನಿಂತಮೇಲೆ ಸಡಿಲಿಸಿದವು. ಇಷ್ಟು ಸೂಕ್ಷ್ಮ ಸ್ಪರ್ಶದ ಪ್ರಾಣಿಗೆ ನಿಮ್ಮ ಕೈಯ ನಡುಕ ತಿಳಿಯದೇ ಇರುತ್ತದೆಯೇ?

ಈಗ ನನ್ನನ್ನು ಯಾಮಾರಿಸಿದ ವಿಷಯಕ್ಕೆ ಬರುತ್ತೇನೆ. ಅಲುಗಾಡದ ಹಾವಿನಲ್ಲಿ ಎರಡು ಬಗೆ. ಒಂದು ಬೆಚ್ಚಗಿನ ಮಡಿಲಲ್ಲಿ ಹಾಯಾಗಿ ಕೂತದ್ದು. ಮೈ ಮೆತ್ತಗೆ, ತಲೆ ಹೊರಗೆ, ನಾಲಿಗೆ ಆಗಾಗ ಹೊರಬರುತ್ತದೆ, ಬೆರಳಿಂದ ಸವರಿದರೆ ಮೈ ಒಪ್ಪಿಕೊಳ್ಳುತ್ತದೆ. ಇನ್ನೊಂದು ಹೆದರಿ ಮರಗಟ್ಟಿದ್ದು. ಮೈ ಗಟ್ಟಿ, ತಲೆ ಸುರುಳಿಯ ನಡುವೆ ಹುದುಗಿದೆ, ನಾಲಿಗೆ ಬರುವುದೇ ಇಲ್ಲ, ಮುಟ್ಟಿದರೆ ಇನ್ನಷ್ಟು ಬಿಗಿಯಾಗುತ್ತದೆ. ನಾಲಿಗೆಯೇ ಇಲ್ಲಿ ಒಳ್ಳೆಯ ಗುರುತು. ನಾಲಿಗೆ ಆಡಿಸುವ ಹಾವು ಲೋಕವನ್ನು ವಿಚಾರಿಸುತ್ತಿದೆ, ನಾಲಿಗೆ ನಿಲ್ಲಿಸಿದ್ದು ಲೋಕ ತನ್ನನ್ನು ಬಿಟ್ಟುಹೋಗಲಿ ಎಂದು ಕಾಯುತ್ತಿದೆ. ಇದಕ್ಕೂ ಒಂದು ಅಪವಾದ ಇದೆ: ಕೋಣೆ ತಣ್ಣಗಿದ್ದರೆ ಹಾವಿನ ಮೈಯೂ ತಣ್ಣಗಾಗಿ, ಎಲ್ಲವೂ ನಿಧಾನವಾಗುತ್ತದೆ. ಅದು ಶಾಂತಿಯೂ ಅಲ್ಲ, ಭಯವೂ ಅಲ್ಲ, ಸುಮ್ನೆ ಚಳಿ. ಬಾಲ್ ಪೈಥಾನ್‌ನ ಗೂಡಿನ ಬಿಸಿ ಬದಿ 31–33 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಲ್ಲಿಂದ ತಣ್ಣನೆಯ ಕೋಣೆಗೆ ತಂದು ಗಂಟೆಗಟ್ಟಲೆ ಇಟ್ಟುಕೊಳ್ಳುವುದು ಸರಿಯಲ್ಲ.

ಹೆದರಿಕೆ ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ಚಲನೆಯ ಲಯ ಕೆಡುತ್ತದೆ: ಹರಿಯುತ್ತಿದ್ದದ್ದು ತಡೆದು ತಡೆದು ಜರುಗುತ್ತದೆ, ಅಥವಾ ಒಂದೇ ಸಮ ಓಡಲು ನೋಡುತ್ತದೆ. ಕೈ ತಲೆಯ ಹತ್ತಿರ ಹೋದರೆ ತಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಉಸಿರು ಜೋರಾಗಿ ಪಕ್ಕೆ ಉಬ್ಬುತ್ತದೆ, ಬುಸುಗುಟ್ಟುವುದು ಶುರುವಾಗುತ್ತದೆ. ಕಾರ್ನ್, ಕಿಂಗ್ ಜಾತಿಯವು ಬಾಲದ ತುದಿಯನ್ನು ಪಟಪಟ ಅದುರಿಸುತ್ತವೆ. ಒಣ ಎಲೆ, ಕಾಗದದ ಮೇಲಿದ್ದರೆ ಬುಡುಬುಡಿಕೆ ಹಾವಿನ (ರ್‍ಯಾಟಲ್ ಸ್ನೇಕ್) ಸದ್ದೇ ಬರುತ್ತದೆ. ಕುತ್ತಿಗೆ ಎಸ್ ಆಕಾರಕ್ಕೆ ಮಡಿಚಿಕೊಂಡಿತು ಎಂದರೆ ಕೊನೆಯ ಮೆಟ್ಟಿಲು. ಮುಂದಿನದು ಕಡಿತ.

ಇದರ ನಡುವೆ ಎಲ್ಲೋ ಒಂದು ಕಡೆ ಹಾವು ನಿಮ್ಮ ಬಟ್ಟೆಯ ಮೇಲೆ ನಾತದ ದ್ರವ ಬಿಡಬಹುದು. ಬಾಲದ ಬುಡದ ಗ್ರಂಥಿಯಿಂದ ಬರುವ ಅದು ಮಲಕ್ಕಿಂತ ಬೇರೆ, ಒಗೆದರೂ ಒಂದು ದಿನ ಬಿಡುವುದಿಲ್ಲ. ಉತ್ತರ ಅಮೆರಿಕದ ಗಾರ್ಟರ್ ಹಾವುಗಳು ಇದರಲ್ಲಿ ನಿಸ್ಸೀಮರು.

ಕೆಲವು ನಡವಳಿಕೆಗಳಿಗೆ ಅರ್ಥವೇ ಬೇರೆ. ಅಂಗಿಯ ತೋಳಿನೊಳಗೆ, ಕೂದಲೊಳಗೆ ನುಗ್ಗುವುದು ಪ್ರೀತಿಯಲ್ಲ, ಕತ್ತಲೆ ಮತ್ತು ಬಿಸಿ ಹುಡುಕುವುದು. ಕೂದಲೊಳಗಿಂದ ಹಾವು ಬಿಡಿಸುವುದು ದೊಡ್ಡ ಕೆಲಸ, ಜುಟ್ಟು ಕಟ್ಟಿಕೊಳ್ಳಿ. ಆಕಳಿಸುವುದು ಬೇಸರವಲ್ಲ. ಹೆಚ್ಚಾಗಿ ಊಟದ ನಂತರ ದವಡೆ ಸರಿಪಡಿಸಿಕೊಳ್ಳಲು ಹಾಗೆ ಮಾಡುತ್ತದೆ. ಆದರೆ ಪದೇ ಪದೇ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಲ್ಲಿ ಗುಳ್ಳೆ ಬರುತ್ತಿದ್ದರೆ, ಉಸಿರಿನಲ್ಲಿ ಶಿಳ್ಳೆಯಂಥ ಸದ್ದಿದ್ದರೆ ಅದು ಶ್ವಾಸಕೋಶದ ಸೋಂಕಿರಬಹುದು. ತಲೆಯನ್ನು ಸುಮ್ಮನೆ ಆಕಾಶಕ್ಕೆ ತಿರುಗಿಸಿಕೊಂಡು ಹಾಗೇ ಇದ್ದರೆ, ಬೆನ್ನಡಿಯಾಗಿ ಹಾಕಿದಾಗ ಮಗುಚಿಕೊಳ್ಳಲು ಆಗದಿದ್ದರೆ ನರಮಂಡಲದ ತೊಂದರೆ. ಇವು ಕೈಯಲ್ಲಿ ಆಡಿಸಿ ಸರಿಮಾಡುವ ವಿಷಯಗಳಲ್ಲ. ಸರೀಸೃಪ ಬಲ್ಲ ವೈದ್ಯರು ಬೇಕು.

ಜಾತಿಗೊಂದು ಗುಣ

ಬಾಲ್ ಪೈಥಾನ್‌ನ ಹೆಸರೇ ಅದರ ಸ್ವಭಾವ: ಹೆದರಿದರೆ ಚೆಂಡಾಗಿ ಸುತ್ತಿ ತಲೆ ಒಳಗಿಡುತ್ತದೆ. ಚೆಂಡನ್ನು ಬಿಡಿಸಲು ಹೋಗಬೇಡಿ. ಅಂಗೈಯಲ್ಲಿ ಇಟ್ಟುಕೊಂಡು ಕೂತಿರಿ. ಐದು ನಿಮಿಷದಲ್ಲಿ ಮೂತಿ ಹೊರಬಂದರೆ ಒಳ್ಳೆಯದು, ಬರದಿದ್ದರೆ ಗೂಡಿಗೆ. ಸ್ಪೈಡರ್ ಎಂಬ ಬಣ್ಣದ ತಳಿಯಲ್ಲಿ ತಲೆ ಓಲಾಡುತ್ತದೆ. ಅದು ಹುಟ್ಟಿನಿಂದಲೇ ಬಂದ ದೋಷ, ನಿಮ್ಮ ಕೈಯ ತಪ್ಪಲ್ಲ.

ಕಾರ್ನ್ ಸ್ನೇಕ್ ಚುರುಕು. ಒಂದು ಕಡೆ ಕೂರುವುದಿಲ್ಲ, ಮರಿಯಂತೂ ಪಾದರಸ. ಓಡುತ್ತಿದೆ ಎಂದ ಮಾತ್ರಕ್ಕೆ ಭಯ ಎನ್ನಲಾಗದು. ನಾಲಿಗೆ ಮತ್ತು ಬಾಲ ನೋಡಿ ತೀರ್ಮಾನಿಸಿ. ಹೊಸಬರಿಗೆ ನಾನು ಹೇಳುವುದು ಇದನ್ನೇ, ಬಾಲ್ ಪೈಥಾನ್ ಅಲ್ಲ. ಯಾಕೆಂದರೆ ಇದು ಮನಸ್ಸನ್ನು ಬಚ್ಚಿಡುವುದಿಲ್ಲ.

ಕಿಂಗ್ ಸ್ನೇಕ್‌ಗೆ ಬಾಯಿಚಪಲ. ಬೇರೆ ಹಾವನ್ನೂ ತಿನ್ನುವ ಜಾತಿ ಅದು. ತಣ್ಣಗೆ ಕೈಯಲ್ಲಿ ಹರಿಯುತ್ತಿರುವಾಗಲೇ ಬೆರಳಿನ ಪಕ್ಕವನ್ನು ಬಾಯಲ್ಲಿ ಹಿಡಿದು ಜಗಿಯಲು ನೋಡುತ್ತದೆ. ಸಿಟ್ಟೇನಿಲ್ಲ, ರುಚಿ ನೋಡುವುದು ಅಷ್ಟೇ. ಮೂತಿಯನ್ನು ಚರ್ಮಕ್ಕೆ ಒತ್ತಿ ತಡಕಾಡಲು ಶುರುಮಾಡಿದರೆ ಮೈಯನ್ನು ಮೆಲ್ಲಗೆ ಬೇರೆ ಕಡೆಗೆ ತಿರುಗಿಸಿ.

ಹಾಗ್‌ನೋಸ್ ಬಗ್ಗೆ ಬರೆಯುವಾಗ ನಗು ಬರುತ್ತದೆ. ಇಷ್ಟೇ ಇಷ್ಟಿರುವ ಪುಟ್ಟ ಹಾವು ಕುತ್ತಿಗೆ ಅಗಲಿಸಿ, ದೊಡ್ಡದಾಗಿ ಬುಸುಗುಟ್ಟಿ, ಬಾಯಿ ಮುಚ್ಚಿಕೊಂಡೇ ಮೂತಿಯಿಂದ ಕೈಗೆ ಗುದ್ದುತ್ತದೆ. ಅದಕ್ಕೂ ನೀವು ಹೆದರದಿದ್ದರೆ ಬೆನ್ನಡಿಯಾಗಿ ಬಿದ್ದು, ಬಾಯಿ ತೆರೆದು, ನಾಲಿಗೆ ಇಳಿಬಿಟ್ಟು ಸತ್ತಂತೆ ನಟಿಸುತ್ತದೆ. ನೀವು ಸರಿಯಾಗಿ ಮಗುಚಿ ಇಟ್ಟರೆ, ‘ಇಲ್ಲ, ನಾನು ಸತ್ತಿದ್ದೇನೆ’ ಎಂಬಂತೆ ಮತ್ತೆ ಬೆನ್ನಡಿಯಾಗುತ್ತದೆ! ಮೋಜಿಗಾಗಿ ಇದನ್ನು ಮಾಡಿಸಬೇಡಿ, ಅದಕ್ಕೆ ಅದು ನಿಜವಾದ ಜೀವಭಯ. ಇದರ ಹಿಂದಿನ ಹಲ್ಲಲ್ಲಿ ಸೌಮ್ಯ ವಿಷವಿದೆ. ಹೆಚ್ಚು ಹೊತ್ತು ಜಗಿದರೆ ಕೈ ಊದಿಕೊಳ್ಳಬಹುದು. ಅದಕ್ಕೇ ಊಟದ ವಾಸನೆಯ ಕೈ ಇದಕ್ಕೆ ಬೇಡವೇ ಬೇಡ.

ಬೋವಾ ಎಚ್ಚರಿಸಿ ಮಾತಾಡುವ ಹಾವು. ಬುಸ್ ಎನ್ನದೆ ಕಚ್ಚುವುದು ಕಡಿಮೆ. ಮರದ ಮೇಲೆ ಬಾಳುವ ಗ್ರೀನ್ ಟ್ರೀ ಪೈಥಾನ್‌ನಂಥವನ್ನು ನೋಡಿ ಸಂತೋಷಪಡಿ. ಕೊಂಬೆಯಿಂದ ಬಿಡಿಸಿ ಎತ್ತುವುದು ಅವಕ್ಕೂ ಹಿತವಲ್ಲ, ನಿಮಗೂ ಅಲ್ಲ.

ಒಂದೇ ಜಾತಿಯೊಳಗೂ ಹಾವಿನಿಂದ ಹಾವಿಗೆ ಗುಣ ಬೇರೆ. ಗಾರ್ಟರ್ ಹಾವುಗಳ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೆಲವು ಧೈರ್ಯವಾಗಿ ಹೊರಬಂದರೆ ಕೆಲವು ಆಶ್ರಯ ಬಿಟ್ಟು ಕದಲಲೇ ಇಲ್ಲ. ಯಾರ ಜೊತೆ ಇರಬೇಕು ಎಂಬುದನ್ನೂ ಅವು ಆರಿಸಿಕೊಂಡವು.

ಎಷ್ಟು ಹೊತ್ತು, ಮತ್ತೆ ಒಳಗೆ ಹೇಗೆ

ಮೊದಲ ಕೆಲವು ಸಲ ಐದು ನಿಮಿಷ ಸಾಕು. ಒಗ್ಗಿದ ಹಾವಿಗೆ ಹದಿನೈದು, ಇಪ್ಪತ್ತು ನಿಮಿಷ. ವಾರಕ್ಕೆ ಒಂದೆರಡು ಸಲ, ಹೆಚ್ಚೆಂದರೆ ಮೂರು. ಬಹಳಷ್ಟು ಸಾಕುಹಾವುಗಳು ಸಂಜೆ, ರಾತ್ರಿ ಓಡಾಡುವಂಥವು, ಹಾಗಾಗಿ ಮಟಮಟ ಮಧ್ಯಾಹ್ನ ಎಬ್ಬಿಸುವುದಕ್ಕಿಂತ ಮುಸ್ಸಂಜೆ ಒಳ್ಳೆಯದು. ಊಟದ ದಿನ ಬಿಟ್ಟುಬಿಡಿ.

ಹಾವು ಒದ್ದಾಡುವಾಗಲೇ ವಾಪಸ್ ಇಟ್ಟರೆ ‘ಒದ್ದಾಡಿದರೆ ಬಿಡುತ್ತಾರೆ’ ಎಂದು ಕಲಿಯುತ್ತದೆ ಎಂಬ ಮಾತಿದೆ. ಅರ್ಧ ನಿಜ. ಸುಮ್ಮನೆ ಚಡಪಡಿಸುತ್ತಿದ್ದರೆ ಅರ್ಧ ನಿಮಿಷ ತಡೆದು, ಮೈ ಸಡಿಲವಾದ ಕ್ಷಣದಲ್ಲಿ ಇಡಿ. ಆದರೆ ನಿಜವಾದ ಭಯದಲ್ಲಿದ್ದರೆ ಪಾಠ ಕಲಿಸುವ ಹೊತ್ತಲ್ಲ ಅದು, ಇಟ್ಟುಬಿಡಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ.

ಇಡುವಾಗ ಒಳಗೆ ಸುರಿಯಬೇಡಿ. ಕೈಯನ್ನು ಗೂಡಿನ ನೆಲಕ್ಕೆ ತಾಗಿಸಿ, ತಲೆ ಅಡಗುತಾಣದ ಕಡೆ ಇರಲಿ. ಅದು ತಾನಾಗಿ ಇಳಿದು ಹೋಗುತ್ತದೆ. ಬಾಲದ ತುದಿ ಕೈಯಿಂದ ಜಾರುವವರೆಗೆ ಕಾಯಿರಿ. ಬೀಗ ಹಾಕಿ, ಸೋಪಿನಿಂದ ಕೈ ತೊಳೆಯಿರಿ. ಆರೋಗ್ಯವಾಗಿ ಕಾಣುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು ಹಾವು ಮುಟ್ಟದಿರುವುದೇ ಲೇಸು. ಹಾವಿಗೆ ಮುತ್ತು ಕೊಡುವ ಫೋಟೋ ಯಾರಿಗೂ ಬೇಡ.

ಕಚ್ಚಿದರೆ

ಹೆದರಿ ಕಚ್ಚುವುದು ಚಟ್ ಎಂದು ಬಡಿದು ಬಿಡುತ್ತದೆ. ಗಾಯಕ್ಕಿಂತ ಗಾಬರಿ ಜಾಸ್ತಿ. ಊಟ ಅಂದುಕೊಂಡು ಕಚ್ಚುವುದು ಬೇರೆ: ಹಿಡಿದು ಸುತ್ತಿಕೊಳ್ಳುತ್ತದೆ, ಬಿಡುವುದಿಲ್ಲ. ಎಳೆಯಬೇಡಿ ಎಂದು ಎಷ್ಟು ಸಲ ಹೇಳಿದರೂ ಸಾಲದು. ಹಾವಿನ ಹಲ್ಲು ಗಂಟಲ ಕಡೆಗೆ ಬಾಗಿರುತ್ತದೆ. ಎಳೆದರೆ ನಿಮ್ಮ ಚರ್ಮ ಹರಿಯುತ್ತದೆ, ಅದರ ಹಲ್ಲು ಮುರಿಯುತ್ತದೆ. ಅಲುಗಾಡದೆ ಕಾದರೆ ಹಲವು ಸಲ ತಾನೇ ಬಿಡುತ್ತದೆ. ಬಿಡದಿದ್ದರೆ ಮೂತಿಯ ಮೇಲೆ ತಣ್ಣೀರು ಬಿಡಿ. ಅದಕ್ಕೂ ಬಗ್ಗದಿದ್ದರೆ ಬಾಯಿಯ ಅಂಚಿಗೆ ಸ್ಯಾನಿಟೈಸರ್ ಒಂದು ಹನಿ. ಸುತ್ತನ್ನು ಬಾಲದ ತುದಿಯಿಂದ ಬಿಡಿಸಿ, ತಲೆಯನ್ನು ಮೊದಲು ಮುಂದಕ್ಕೆ ಒತ್ತಿ ಆಮೇಲೆ ಮೇಲಕ್ಕೆ ತೆಗೆಯಿರಿ. ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಆಳವಾಗಿದ್ದರೆ, ಕೆಂಪಾಗಿ ಊದಿದರೆ, ಮುರಿದ ಹಲ್ಲು ಒಳಗೆ ಉಳಿದಿದೆ ಅನಿಸಿದರೆ, ಧನುರ್ವಾಯು ಚುಚ್ಚುಮದ್ದು ಹಳೆಯದಾಗಿದ್ದರೆ ವೈದ್ಯರನ್ನು ನೋಡಿ.

ಆರಡಿ ದಾಟಿದ ಬೋವಾ ಅಥವಾ ಹೆಬ್ಬಾವು ನಿಮ್ಮಲ್ಲಿದ್ದರೆ ಒಬ್ಬರೇ ಇರುವಾಗ ಗೂಡು ತೆರೆಯಬೇಡಿ. ಪಕ್ಕದಲ್ಲಿ ಇನ್ನೊಬ್ಬ ದೊಡ್ಡವರು ಇರಲಿ, ಹಾವು ಇನ್ನೂ ಉದ್ದವಾದರೆ ಜನವೂ ಹೆಚ್ಚಲಿ. ಕೊರಳಿಗೆ ಹಾರದಂತೆ ಹಾಕಿಕೊಳ್ಳುವ ಹುಚ್ಚು ಬೇಡ. ಬೀಳುವ ಭಯಕ್ಕೆ ಬಿಗಿದರೂ ಅದು ಬಿಗಿಯುವುದು ಕೊರಳನ್ನೇ.

ಹೆದರುವ ಹಾವನ್ನು ಒಗ್ಗಿಸುವುದು

ಮೊದಲ ವಾರ ಗೂಡಿನ ಮುಂದೆ ಸುಮ್ನೆ ಕೂತು ಪುಸ್ತಕ ಓದಿ. ನೀವು ಹಾಕಿ ಬಿಟ್ಟ, ಒಗೆಯದ ಬಟ್ಟೆಯ ತುಂಡೊಂದನ್ನು ಗೂಡಿನ ಮೂಲೆಯಲ್ಲಿಡಿ. ನಿಮ್ಮ ವಾಸನೆ ಅದಕ್ಕೆ ದಿನದ ಸಂಗತಿಯಾಗಲಿ. ಆಮೇಲೆ ಕೈಯನ್ನು ಒಳಗಿಟ್ಟು ಎರಡು ನಿಮಿಷ ಅಲ್ಲಾಡಿಸದೆ ಇರಿ. ಮುಟ್ಟಬೇಡಿ, ಬೇಕಾದರೆ ಅದೇ ಬಂದು ನಾಲಿಗೆ ತಾಗಿಸಲಿ. ಅದಕ್ಕೆ ಒಗ್ಗಿದಮೇಲೆ ಕೊಕ್ಕೆಯಿಂದ ತಟ್ಟಿ, ಬೆನ್ನಿನ ಹಿಂಭಾಗವನ್ನು ಬೆರಳಿಂದ ಸವರಿ ಬಿಡಿ. ಎತ್ತುವುದು ಇದೆಲ್ಲ ಆದಮೇಲೆ, ಅದೂ ಗೂಡಿನೊಳಗೇ ಅರ್ಧ ಅಡಿ ಎತ್ತರಕ್ಕೆ, ಒಂದು ನಿಮಿಷ.

ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಎಷ್ಟು ನಿಮಿಷ, ನಾಲಿಗೆ ಆಡಿತೇ, ಬುಸುಗುಟ್ಟಿತೇ, ಅದಾದ ಮೇಲೆ ಊಟ ಮಾಡಿತೇ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಕೈಯಲ್ಲಿ ಚೆನ್ನಾಗಿಯೇ ಇತ್ತು ಎಂದು ನೀವು ಬರೆದ ವಾರಗಳಲ್ಲೇ ಊಟ ಬಿಡುತ್ತಿದ್ದರೆ ನಿಮ್ಮ ಅಂದಾಜು ತಪ್ಪಿದೆ. ಒಂದು ಹಂತ ಹಿಂದಕ್ಕೆ ಹೋಗಿ.

ಎರಡು ಮೂರು ತಿಂಗಳಾದರೂ ಪ್ರತಿ ಸಲ ಅದೇ ಮುದ್ದೆ, ಅದೇ ಬಿಗಿತ ಇದ್ದರೆ? ಮೊದಲು ಗೂಡನ್ನು ನೋಡಿ. ಬಿಸಿ ಬದಿಗೊಂದು, ತಂಪು ಬದಿಗೊಂದು ಇಕ್ಕಟ್ಟಾದ ಅಡಗುತಾಣ ಇದೆಯೇ, ನುಸಿ ಹತ್ತಿದೆಯೇ ಎಂದು ಪರೀಕ್ಷಿಸಿ. ಎಲ್ಲ ಸರಿಯಿದ್ದೂ ಹಾಗೇ ಇದ್ದರೆ ಅದು ನೋಡುವ ಹಾವು, ಆಡಿಸುವ ಹಾವಲ್ಲ. ನನ್ನ ಆ ಬಾಲ್ ಪೈಥಾನ್ ಅಂಥದ್ದೇ. ಈಗ ಗೂಡು ತೊಳೆಯುವಾಗ, ತೂಕ ನೋಡುವಾಗ ಮಾತ್ರ ಎತ್ತುತ್ತೇನೆ. ರಾತ್ರಿ ದೀಪ ಆರಿಸಿದ ಮೇಲೆ ಅದು ಹೊರಬಂದು, ನೀರಿನ ಬಟ್ಟಲ ಸುತ್ತ ಒಂದು ಸುತ್ತು ಹಾಕಿ, ಗಾಜಿನ ಹತ್ತಿರ ನಾಲಿಗೆ ಆಡಿಸುತ್ತಾ ನಿಲ್ಲುತ್ತದೆ. ಕಳೆದ ಒಂದು ವರ್ಷದಲ್ಲಿ ಒಂದು ಊಟವನ್ನೂ ಬಿಟ್ಟಿಲ್ಲ.